ತಲೆಸಮೇತ ಒಂದು ಕಿಲೋ ಸೀಗಡಿ

ಡಿಸೆಂಬರ್ ತಿಂಗಳ ಭಾನುವಾರ, ಬೆಳಗಿನ ಏಳು ಗಂಟೆ. ಅನ್ನಪೂರ್ಣೇಶ್ವರಿ ನಗರದ ರಸ್ತೆಯಲ್ಲಿ ಚಳಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದೇನೆ. ಎಡಕ್ಕೆ ಫುಟ್‌ಪಾತಿನ ಮೇಲೆ ಗೋಣಿತಾಟು ಹಾಸಿ ಅವರೆಕಾಯಿ ಸುರಿದಿದ್ದಾರೆ. ಅದರ ಸೊಗಡು ಹತ್ತು ಹೆಜ್ಜೆ ಆಚೆಗೇ ಮೂಗಿಗೆ ಸಿಗುತ್ತದೆ. ಬಲಕ್ಕೆ ಮೀನಂಗಡಿ. ಷಟರ್ ಅರ್ಧಕ್ಕೆ ಎತ್ತಿದೆ, ಒಳಗೆ ಹುಡುಗನೊಬ್ಬ ಐಸ್ ಗೆಡ್ಡೆಯನ್ನು ಮರದ ಕೊಡತಿಯಿಂದ ಕುಟ್ಟಿ ಪುಡಿ ಮಾಡುತ್ತಿದ್ದಾನೆ. ಥರ್ಮೋಕೋಲ್ ಡಬ್ಬಿಗಳ ಟೇಪು ಇನ್ನೂ ಬಿಚ್ಚಿಲ್ಲ. ಬೇಗ ಬಂದದ್ದು ಇದಕ್ಕಾಗಿಯೇ. ಡಬ್ಬಿ ತೆರೆಯುವ ಹೊತ್ತಿಗೆ ಎದುರಿಗಿದ್ದರೆ ಸೀಗಡಿ ಯಾವ ಸ್ಥಿತಿಯಲ್ಲಿ ಬಂದಿದೆ ಎಂಬುದನ್ನು ಕಣ್ಣಾರೆ ನೋಡಬಹುದು. ಹತ್ತು ಗಂಟೆಯ ಮೇಲೆ ಬಂದರೆ ಎಲ್ಲವೂ ನೀರು ಚಿಮುಕಿಸಿಕೊಂಡು ಒಂದೇ ಥರ ಹೊಳೆಯುತ್ತಿರುತ್ತವೆ.

ಹೊರವರ್ತುಲ ರಸ್ತೆಯಿಂದ ಪಶ್ಚಿಮಕ್ಕೆ, ಒಂದು ಕಡೆ ನಾಗರಬಾವಿ, ಇನ್ನೊಂದು ಕಡೆ ಶ್ರೀಗಂಧದ ಕಾವಲು, ಕೆಳಗೆ ಮಲ್ಲತ್ತಹಳ್ಳಿ ಕೆರೆ, ಮೇಲೆ ಮಾಗಡಿ ರಸ್ತೆಯ ಸುಂಕದಕಟ್ಟೆ. ಇವುಗಳ ನಡುವೆ ಈ ಬಡಾವಣೆ ಬೆಳೆದಿದೆ. ಕಾವಲು ಎಂದರೆ ದನ ಮೇಯುವ ಹುಲ್ಲುಗಾವಲು. ಆ ಹೆಸರುಗಳಲ್ಲಿ ಊರಿನ ಹಳೆಯ ರೂಪ ಉಳಿದುಕೊಂಡಿದೆ, ಮಣ್ಣಿನ ಮೇಲೆ ಮಾತ್ರ ಈಗ ಮೂವತ್ತು-ನಲವತ್ತರ ಸೈಟುಗಳು, ಮೂರು ಅಂತಸ್ತಿನ ಬಾಡಿಗೆ ಮನೆಗಳು. ಅವುಗಳಲ್ಲಿ ಮಾಗಡಿ, ಕುಣಿಗಲ್, ಮಂಡ್ಯ, ತುಮಕೂರು ಕಡೆಯವರು ಇದ್ದಾರೆ. ಹೋಟೆಲು, ಬೇಕರಿ ಕೆಲಸಕ್ಕೆ ಬಂದು ನೆಲೆನಿಂತ ಕುಂದಾಪುರದವರು ಇದ್ದಾರೆ. ಮಂಗಳೂರಿನವರು, ಕಾರವಾರದವರು ಇದ್ದಾರೆ. ಹೀಗಾಗಿ ಒಂದೇ ಅಂಗಡಿಯ ಮುಂದೆ ಒಂದೇ ಜೀವಿಗೆ ನಾಲ್ಕು ಹೆಸರು ಕೇಳಿಬರುತ್ತವೆ. ನಮಗೆ ಅದು ಸೀಗಡಿ. ಕುಂದಾಪುರದವರಿಗೆ ಚಟ್ಲಿ, ತುಳುವರಿಗೆ ಎಟ್ಟಿ, ಕೊಂಕಣಿಯವರಿಗೆ ಸುಂಗಟ. ಅಂಗಡಿಯ ಹುಡುಗನಿಗೆ ಮಾತ್ರ ಎಲ್ಲರೂ ಕೇಳುವುದು ಪ್ರಾನ್ಸ್.

ಡಬ್ಬಿ ತೆರೆದಾಗ ಎರಡು ರಾಶಿ ಆಯಿತು. ಒಂದು ವನಾಮಿ: ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಎಲ್ಲವೂ ಒಂದೇ ಅಳತೆ, ಬೂದು ಮಿಶ್ರಿತ ಬಿಳಿ. ಇನ್ನೊಂದು ಮಂಗಳೂರು ಕಡೆಯಿಂದ ಬಂದದ್ದು: ದೊಡ್ಡವು ಚಿಕ್ಕವು ಬೆರೆತಿವೆ, ಬಣ್ಣದಲ್ಲೂ ವ್ಯತ್ಯಾಸ, ನಡುನಡುವೆ ಒಂದೆರಡು ಪುಟ್ಟ ಏಡಿ. ವನಾಮಿ ನಮ್ಮ ದೇಶದ್ದಲ್ಲ. ಲ್ಯಾಟಿನ್ ಅಮೆರಿಕದ ಪೆಸಿಫಿಕ್ ಕರಾವಳಿಯ ಈ ತಳಿಯನ್ನು ಸಾಕಲು ಭಾರತದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಮೊದಲು ಕೊಳಗಳಲ್ಲಿ ಬೆಳೆಯುತ್ತಿದ್ದುದು ನಮ್ಮದೇ ಹುಲಿಸೀಗಡಿ, ಅಂದರೆ ಟೈಗರ್. ತೊಂಬತ್ತರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ಆ ಕೃಷಿ ನೆಲಕಚ್ಚಿತ್ತು. ಈಗ ಆಂಧ್ರದ ನೆಲ್ಲೂರು, ಭೀಮಾವರಂ ಕಡೆಯ ಕೊಳಗಳಲ್ಲಿ ಮೂರ್ನಾಲ್ಕು ತಿಂಗಳಲ್ಲಿ ಬೆಳೆದು ಕೊಯ್ಲಿಗೆ ಬರುವ ವನಾಮಿಯೇ ಹೊರದೇಶಕ್ಕೂ ಹೋಗುತ್ತದೆ, ಬೆಂಗಳೂರಿಗೂ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಇಲ್ಲಿ ಸಿಗುವುದು ಬಹುಪಾಲು ಕೊಳದ ಸೀಗಡಿಯೇ.

ಯಾವುದು ಮೇಲು ಎಂದು ಕೇಳಿದರೆ ನನ್ನ ಉತ್ತರ: ಇವತ್ತು ಯಾವುದು ತಾಜಾ ಇದೆಯೋ ಅದು. ಹೆಸರು ನೋಡಿ ಕೊಳ್ಳುವವರು ಮೋಸಹೋಗುತ್ತಾರೆ. ಮಂಗಳೂರಿನಿಂದ ಬೆಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರು, ಘಟ್ಟ ಹತ್ತಿ ಬರುವ ದಾರಿ. ದೋಣಿಯಲ್ಲಿ ಎಷ್ಟು ದಿನ ಇತ್ತು, ಐಸು ಎಷ್ಟು ಬಾರಿ ಕರಗಿತು ಎಂಬುದರ ಮೇಲೆ ಕಡಲ ಸೀಗಡಿಯ ಹಣೆಬರಹ ನಿಂತಿದೆ. ಆ ಹಣೆಬರಹವನ್ನು ಓದಲು ಬರುವುದು ತಲೆ ಇದ್ದಾಗ ಮಾತ್ರ. ನಾನು ಒಂದನ್ನು ನಡು ಹಿಡಿದು ಎತ್ತಿದೆ. ತಲೆ ಮೈಗೆ ಬಿಗಿಯಾಗಿ ಅಂಟಿಕೊಂಡಿತ್ತು, ಜೋತುಬೀಳಲಿಲ್ಲ. ಕಣ್ಣು ಕಪ್ಪಗೆ ಉಬ್ಬಿದ್ದವು. ಚಿಪ್ಪು ನುಣುಪಾಗಿತ್ತು, ಲೋಳೆ ಇರಲಿಲ್ಲ, ಬೆಳಕಿಗೆ ಹಿಡಿದರೆ ಮೈ ಅರೆಪಾರದರ್ಶಕ. ಮೂಗಿನ ಹತ್ತಿರ ತಂದರೆ ಉಪ್ಪುನೀರಿನ ವಾಸನೆ, ಅಷ್ಟೆ. ಘಾಟು ಹೊಡೆದರೆ, ಮೂತ್ರದ ವಾಸನೆಯಂಥದು ಬಂದರೆ, ಅಲ್ಲಿಗೆ ಬಿಟ್ಟು ಬರಬೇಕು. ತಲೆಯ ಅಂಚು, ಕಾಲು, ಬಾಲದಲ್ಲಿ ಮಸಿ ಬಳಿದ ಹಾಗೆ ಕಪ್ಪು ಕಂಡರೆ ಅದು ಕೊಳೆತದ್ದಲ್ಲ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವಂಥದೇ ಕ್ರಿಯೆ ಅದು. ಆದರೂ ಹಿಡಿದು ಹೊತ್ತಾಗಿದೆ ಎಂಬುದಕ್ಕೆ ಸಾಕ್ಷಿ. ಹಸಿ ಸೀಗಡಿಯ ಮೈ ಗುಲಾಬಿಗೆ ತಿರುಗಿದ್ದರೆ ಎಲ್ಲೋ ಬಿಸಿ ತಾಗಿದೆ ಎಂದು ಅರ್ಥ. ಅದೂ ಬೇಡ.

ಆವತ್ತು ಕಡಲಿನದೇ ಚೆನ್ನಾಗಿತ್ತು. ಒಂದು ಕಿಲೋ ತೂಗಿಸಿದೆ. ಹುಡುಗ ಕತ್ತರಿ ಕೈಗೆತ್ತಿಕೊಂಡು, "ಕ್ಲೀನ್ ಮಾಡ್ಕೊಡ್ಲಾ ಸಾರ್? ಐದು ನಿಮಿಷ," ಅಂದ. ಹಿಂದೆ ನಿಂತಿದ್ದ ಮೂವರೂ ಮಾಡಿಸಿಕೊಳ್ಳಲೆಂದೇ ಕಾದಿದ್ದವರು. ಬೇಡಪ್ಪ, ತಲೆಸಮೇತ ಕೊಡು, ಮೇಲೆ ಎರಡು ಹಿಡಿ ಐಸ್ ಹಾಕು ಎಂದೆ. ಅವನ ಮೇಲೆ ನನಗೆ ದೂರಿಲ್ಲ, ಅವನ ಕೈ ಚುರುಕು. ಆದರೆ ಭಾನುವಾರದ ನೂಕುನುಗ್ಗಲಿನಲ್ಲಿ ಅವನು ಮಾಡುವುದು ಮೂರು ಕೆಲಸ: ತಲೆ ಕಿತ್ತು ಬಕೀಟಿಗೆ, ಚಿಪ್ಪು ಸುಲಿದು ಬಕೀಟಿಗೆ, ಮಾಂಸವನ್ನು ತಣ್ಣೀರಿನ ನಲ್ಲಿಯ ಕೆಳಗೆ ಚೆನ್ನಾಗಿ ಹಿಂಡಿ ಚೀಲಕ್ಕೆ. ಒಂದು ಕಿಲೋಗೆ ದುಡ್ಡು ಕೊಟ್ಟು, ರುಚಿಯ ಅರ್ಧಭಾಗವನ್ನು ಆ ಬಕೀಟಿಗೆ ಬಿಟ್ಟು ಬರುತ್ತೇವೆ. ಇದನ್ನು ಬೆಂಗಳೂರಿನವರು ಯಾಕೆ ಒಪ್ಪಿಕೊಂಡಿದ್ದಾರೆ ಎಂಬುದೇ ನನ್ನ ಸಂಕಟ. ಅದಕ್ಕಾಗಿಯೇ ಈ ಲೇಖನ.

ಸೀಗಡಿ ನನಗೆ ಹೊಸದಲ್ಲ, ತಲೆಯಿರುವ ದೊಡ್ಡ ಸೀಗಡಿ ಹೊಸದು. ನಮ್ಮದು ಮಾಗಡಿ ಸೀಮೆ. ಅಲ್ಲಿ ಸೀಗಡಿ ಅಂದರೆ ಸಂತೆಯಲ್ಲಿ ಸೇರಿನಲ್ಲಿ ಅಳೆದು ಕೊಡುತ್ತಿದ್ದ ಒಣಸೀಗಡಿ. ಅಮ್ಮ ಅದನ್ನು ಬರೀ ಬಾಂಡಲಿಯಲ್ಲಿ ಗರಿಗರಿಯಾಗುವಂತೆ ಹುರಿದು, ಬಿಸಿ ಇರುವಾಗಲೇ ಮೊರದಲ್ಲಿ ಹಾಕಿ ಅಂಗೈಯಿಂದ ಉಜ್ಜಿ, ಮೀಸೆ-ಕಾಲುಗಳನ್ನೆಲ್ಲ ಕೇರಿ ಹಾರಿಸುತ್ತಿದ್ದಳು. ಆಮೇಲೆ ಮರಳು ಹೋಗುವವರೆಗೆ ನಾಲ್ಕು ನೀರಿನಲ್ಲಿ ತೊಳೆದು ಬದನೆಕಾಯಿ ಜೊತೆ ಗೊಜ್ಜು, ಇಲ್ಲವೇ ಅವರೆಕಾಳು ಜೊತೆ ಸಾರು. ಮಳೆಗಾಲದಲ್ಲಿ ಕೆರೆ ಕೋಡಿ ಹರಿದಾಗ ಬಟ್ಟೆ ಒಡ್ಡಿ ಹಿಡಿದ ಬೆರಳುಗುರಿನಷ್ಟು ಹಸಿಸೀಗಡಿಯನ್ನೂ ಇಡಿಯಾಗಿಯೇ ಹುರಿಯುತ್ತಿದ್ದರು, ತಲೆ-ಚಿಪ್ಪು ಎಂಬ ವಿಂಗಡಣೆಯೇ ಇರಲಿಲ್ಲ. ನಗರಕ್ಕೆ ಬಂದು ದೊಡ್ಡ ಸೀಗಡಿ ಕೈಗೆ ಬಂದಾಗ ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಲವು ವರ್ಷ ಅಂಗಡಿಯಲ್ಲೇ ಸುಲಿಸಿ ತಂದು, ಕೋಳಿಸಾರಿನ ಹಾಗೆ ಇಪ್ಪತ್ತು ನಿಮಿಷ ಬೇಯಿಸಿ, ರಬ್ಬರಿನಂತಾದದ್ದನ್ನು ಮಕ್ಕಳ ತಟ್ಟೆಗೆ ಬಡಿಸಿದ್ದೇವೆ. ಮಕ್ಕಳು ತಿನ್ನಲಿಲ್ಲ. ಅವರದು ತಪ್ಪಲ್ಲ.

ನನಗೆ ಈ ಕೆಲಸ ಕಲಿಸಿದವರು ಪಕ್ಕದ ಕ್ರಾಸಿನ ಮೂರನೇ ಮನೆಯ ಎರಡನೇ ಮಹಡಿಯಲ್ಲಿರುವ ಅಕ್ಕ. ಕುಂದಾಪುರ ತಾಲ್ಲೂಕಿನ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು, ಯಜಮಾನರ ಹೋಟೆಲ್ ಕೆಲಸದ ಜೊತೆಗೆ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಚೀಲ ಹಿಡಿದು ಮೆಟ್ಟಿಲು ಹತ್ತುವ ಹೊತ್ತಿಗೆ ಅವರು ಸಿಂಕು ತೊಳೆದು, ಅಗಲ ಪಾತ್ರೆಯಲ್ಲಿ ಐಸ್ ನೀರು, ಅದಕ್ಕೊಂದು ಚಮಚ ಕಲ್ಲುಪ್ಪು ಹಾಕಿ ಸಿದ್ಧವಾಗಿದ್ದರು. ಅಡುಗೆಮನೆಯ ಮೂಲೆಯಲ್ಲಿ ಊರಿಂದ ತಂದ ಮೆಟ್ಟುಕತ್ತಿ ಇದೆ, ಆದರೆ ಸೀಗಡಿಗೆ ಅದು ಬೇಡ. ಒಂದು ಸಣ್ಣ ಕತ್ತರಿ, ಹಲ್ಲುಕಡ್ಡಿ, ಮೂರು ಪಾತ್ರೆ. ಒಂದು ತಲೆಗೆ, ಒಂದು ಚಿಪ್ಪಿಗೆ, ಒಂದು ಮಾಂಸಕ್ಕೆ. ಸೀಗಡಿ ರಾಶಿಯನ್ನು ಐಸ್ ನೀರಿಗೆ ಸುರಿದು ಒಮ್ಮೆ ಕೈಯಾಡಿಸಿ ತೆಗೆದರು. ಚಿಪ್ಪು ಇರುವಾಗ ಧಾರಾಳವಾಗಿ ತೊಳೆಯಬಹುದು, ಒಳಗಿನ ಮಾಂಸಕ್ಕೆ ನೀರು ತಾಗುವುದಿಲ್ಲ. ನಮ್ಮಲ್ಲಿ ಎಲ್ಲರೂ ಮಾಡುವುದು ಇದರ ತಿರುಗುಮುರುಗು.

ಮೊದಲು ತಲೆ. ಒಂದೊಂದಾಗಿ ಪೂರ್ತಿ ಸುಲಿಯುತ್ತ ಹೋಗುವುದಲ್ಲ, ಮೊದಲು ಎಲ್ಲ ತಲೆಗಳೂ ಬೇರೆಯಾಗಬೇಕು. ಯಾಕೆಂದರೆ ಜೀರ್ಣಗ್ರಂಥಿ ಇರುವುದು ತಲೆಯೊಳಗೆ. ಬದುಕಿರುವಾಗ ತಿಂದದ್ದನ್ನು ಅರಗಿಸುವ ಅದರ ರಸ, ಸತ್ತ ಮೇಲೆ ಸೋರಿ ಪಕ್ಕದ ಮಾಂಸವನ್ನೇ ಅರಗಿಸತೊಡಗುತ್ತದೆ. ಹೊತ್ತಾದ ಸೀಗಡಿಯ ಕುತ್ತಿಗೆಯ ಭಾಗ ಹಿಟ್ಟಾಗಿರುವುದು ಇದರಿಂದಲೇ. ಎಡಗೈಯಲ್ಲಿ ಮೈ, ಬಲಗೈಯ ಹೆಬ್ಬೆರಳು-ತೋರುಬೆರಳ ನಡುವೆ ತಲೆ. ತಲೆಯನ್ನು ತುಸು ಕೆಳಕ್ಕೆ ಬಾಗಿಸಿ, ಚೂರು ತಿರುಚಿ, ನಿಧಾನಕ್ಕೆ ಎಳೆಯಬೇಕು. ದಡಬಡ ಮಾಡಿದರೆ ತುಂಡಾಗುತ್ತದೆ, ನಿಧಾನಿಸಿದರೆ ತಲೆಯ ಜೊತೆ ಬೆನ್ನಿನ ಕಪ್ಪು ನರವೂ ನೂಲಿನಂತೆ ಜಾರಿ ಬರುತ್ತದೆ. ಅಕ್ಕನ ಕೈಯಲ್ಲಿ ಹತ್ತಕ್ಕೆ ಏಳು ಹಾಗೆ ಬಂದವು. ನನ್ನ ಕೈಯಲ್ಲಿ ಮೂರು.

ನಾನು ತಲೆಗಳ ಪಾತ್ರೆಯನ್ನು ಹಸಿಕಸದ ಬುಟ್ಟಿಯ ಕಡೆ ಸರಿಸಿದ್ದನ್ನು ಕಂಡು ಅಕ್ಕ ಕೈ ಅಡ್ಡ ಹಿಡಿದರು. "ಹ್ವಾಯ್, ಎಂತ ಮಾಡ್ತ್ರಿ? ಮಂಡಿ ಬಿಸಾಡ್ಬೇಡಿ. ರುಚಿ ಇಪ್ಪುದೇ ಅಲ್ಲಿ ಕಾಣಿ." ಮಂಡಿ ಎಂದರೆ ತಲೆ. ಒಂದನ್ನು ಎತ್ತಿ ತೋರಿಸಿದರು. ಗರಗಸದಂಥ ಮೂಗಿನ ಮುಳ್ಳು, ಕಣ್ಣು, ಮೀಸೆ, ಇಷ್ಟನ್ನು ಕತ್ತರಿಯ ಒಂದೇ ಏಟಿಗೆ ಓರೆಯಾಗಿ ಕತ್ತರಿಸಿದರು. ಕಣ್ಣಿನ ಹಿಂದೆಯೇ ಹೆಸರುಕಾಳಿನಷ್ಟು ಕಪ್ಪು ಚೀಲ ಕಾಣುತ್ತದೆ. ಅದು ಹೊಟ್ಟೆ, ಮರಳೆಲ್ಲ ಅದರಲ್ಲಿ. ಕತ್ತರಿಯ ತುದಿಯಿಂದ ಅದನ್ನು ಕಿತ್ತು ಬಿಸಾಡಿದರು. ಉಳಿದದ್ದು ಕಿತ್ತಳೆ ಬಣ್ಣದ ಬೆಣ್ಣೆಯಂಥ ಕೊಬ್ಬು. ನಮ್ಮ ಭಾಗದವರು ಅದನ್ನು ಹೊಲಸೆಂದು ತಿಳಿದಿದ್ದೇವೆ. ಸೀಗಡಿ ಸಾರಿಗೆ ಸೀಗಡಿಯ ರುಚಿ ಬರುವುದು ಅದರಿಂದ. ಒಂದು ಷರತ್ತಿದೆ: ತಲೆ ಬಿಗಿಯಾಗಿದ್ದು, ಕೊಬ್ಬು ಕಿತ್ತಳೆಯಾಗಿದ್ದರೆ ಮಾತ್ರ. ಕಪ್ಪಾಗಿ ನೀರಾಗಿದ್ದರೆ ಯಾವ ಮುಲಾಜೂ ಬೇಡ, ಬಿಸಾಡಿ.

ಚಿಪ್ಪು ಸುಲಿಯುವುದು ಸುಲಭ. ಹೊಟ್ಟೆಯ ಕಡೆ ಕಾಲುಗಳ ನಡುವೆ ಹೆಬ್ಬೆರಳು ಇಟ್ಟು, ಮೊದಲ ಮೂರು ಪಟ್ಟಿಯನ್ನು ಒಟ್ಟಿಗೆ ಮೇಲಕ್ಕೆ ಬಿಡಿಸಿದರೆ ಅಂಗಿ ಕಳಚಿದ ಹಾಗೆ ಬರುತ್ತದೆ. ಆಮೇಲೆ ಬಾಲದ ಬುಡವನ್ನು ಚಿವುಟಿ ಹಿಡಿದು ಮೈಯನ್ನು ಎಳೆದರೆ ಉಳಿದದ್ದೂ ಬಿಡುತ್ತದೆ. ಬಾಲ ಇಟ್ಟುಕೊಳ್ಳುವುದು ನೆಂಟರ ಮುಂದೆ ಹುರಿದು ಇಡುವಾಗಿನ ಶೋಕಿ. ಕರಾವಳಿಯವರ ಒಣ ಪದಾರ್ಥವಾದ ಸುಕ್ಕಕ್ಕೆ, ಸಾರಿಗೆ ಅದು ಬೇಡ, ಬಾಯಿಗೆ ಸಿಕ್ಕಿ ಚುಚ್ಚುತ್ತದೆ.

ಇನ್ನು ನರ. ನರ ಎನ್ನುತ್ತೇವೆ, ನಿಜವಾಗಿ ಅದು ಕರುಳು. ತಿಂದದ್ದರ ಶೇಷ ಅದರಲ್ಲಿ ಇರುತ್ತದೆ. ಅದನ್ನು ತಿಂದರೆ ವಿಷವೇನೂ ಅಲ್ಲ, ಆದರೆ ಮರಳು ಹಲ್ಲಿಗೆ ಸಿಗುತ್ತದೆ, ಚೂರು ಕಹಿ. ಬೆನ್ನಿನ ನಡುಗೆರೆಯ ಮೇಲೆ ಎರಡು ಮಿಲಿಮೀಟರ್ ಆಳಕ್ಕೆ ಚಾಕು ಎಳೆದು, ಹಲ್ಲುಕಡ್ಡಿಯಿಂದ ಎತ್ತಿದರೆ ಬಂತು. ಇಡಿಯಾಗಿ ಹುರಿಯುವವರು ಬೆನ್ನು ಸೀಳದೆ ಎರಡನೇ-ಮೂರನೇ ಗೆಣ್ಣಿನ ಸಂದಿನಲ್ಲಿ ಹಲ್ಲುಕಡ್ಡಿ ಚುಚ್ಚಿ ಮೀಟಿದರೂ ಸಾಕು. ಹೊಟ್ಟೆಯ ಕಡೆ ಇನ್ನೊಂದು ಬೆಳ್ಳನೆಯ ಎಳೆ ಕಾಣುತ್ತದೆ, ಅದೇ ನಿಜವಾದ ನರ. ಅದನ್ನು ತೆಗೆಯಲು ಹೋಗಿ ಮಾಂಸ ಹರಿಯುವ ಅಗತ್ಯವಿಲ್ಲ. ಕೊಳದ ವನಾಮಿಯಲ್ಲಿ ಕೆಲವೊಮ್ಮೆ ಈ ಕರುಳು ಖಾಲಿಯಾಗಿ ಕಾಣಿಸುವುದೇ ಇಲ್ಲ. ಹೊಳೆಬಾಯಿಯ ಸೀಗಡಿಯಲ್ಲಿ ಮಾತ್ರ ತುಂಬಿರುತ್ತದೆ. ಕೆಸರಿನಲ್ಲಿ ಮೇಯ್ದು ಬೆಳೆದದ್ದಲ್ಲವೇ.

ಈ ಮೇವಿನ ಮಾತು ಬಂದಾಗ ನನಗೆ ಕುಮಟಾ ಹತ್ತಿರದ ಅಘನಾಶಿನಿ ನೆನಪಾಗುತ್ತದೆ. ಅಲ್ಲಿ ಹೊಳೆ ಕಡಲು ಸೇರುವ ಕಡೆ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಿವೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಬಿತ್ತುತ್ತಾರೆ. ಉಪ್ಪು ಸಹಿಸುವ, ನೀರಿನಲ್ಲಿ ಮುಳುಗಿದರೂ ತಡೆದುಕೊಳ್ಳುವ ಭತ್ತ ಅದು. ಮಳೆಗಾಲ ಮುಗಿದು ತೆನೆ ಕೊಯ್ದ ಮೇಲೆ ತೂಬಿನ ಹಲಗೆ ಎತ್ತಿ ಭರತದ ನೀರನ್ನು ಗದ್ದೆಗೆ ಬಿಡುತ್ತಾರೆ. ನೀರಿನ ಜೊತೆ ಸೀಗಡಿ ಮರಿಗಳು, ಮೀನುಮರಿಗಳು ಬಂದು ಕೊಳೆಯುವ ಕೂಳೆಯ ನಡುವೆ ಮೇಯುತ್ತವೆ. ಇಳಿತದಲ್ಲಿ ತೂಬಿಗೆ ಬಲೆ ಒಡ್ಡಿದರೆ ಬೆಳೆದ ಸೀಗಡಿ ಸಿಗುತ್ತದೆ. ಮೇವು ಹಾಕಿದವರಿಲ್ಲ, ಔಷಧಿ ಸುರಿದವರಿಲ್ಲ. ಒಂದೇ ನೆಲ ಆರು ತಿಂಗಳು ಅನ್ನ ಕೊಡುತ್ತದೆ, ಆರು ತಿಂಗಳು ಅದಕ್ಕೆ ಸಾರು ಕೊಡುತ್ತದೆ. ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗೆ ಸಿಗುವ ರಾಮ್ಸಾರ್ ಮಾನ್ಯತೆ ಅಘನಾಶಿನಿ ಅಳಿವೆಗೆ ಸಿಕ್ಕಿದೆ ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಆ ಮಾನ್ಯತೆ ಕಗ್ಗಕ್ಕೂ ಆ ಸೀಗಡಿಗೂ ನೆರಳಾಗಲಿ ಎಂಬುದು ನನ್ನ ಆಸೆ. ಗಜನಿ ಸೀಗಡಿ ನಮ್ಮ ಅಂಗಡಿಗೆ ಬರುವುದಿಲ್ಲ; ಕುಮಟಾ ಪೇಟೆಗೆ ಹೋದಾಗ ಸಿಕ್ಕರೆ ಬಿಡಬೇಡಿ.

ಅಡುಗೆಮನೆಗೆ ಮರಳೋಣ. ಸುಲಿದ ಮಾಂಸಕ್ಕೆ ಅಕ್ಕ ಚಿಟಿಕೆ ಅರಿಸಿನ, ಅರ್ಧ ಚಮಚ ಉಪ್ಪು ಸವರಿ ಐದು ನಿಮಿಷ ಇಟ್ಟರು. ಆಮೇಲೆ ಒಂದೇ ಒಂದು ನೀರು. ನಾನು ಇನ್ನೊಮ್ಮೆ ನಲ್ಲಿ ತಿರುಗಿಸಲು ಹೋದೆ. "ಸಾಕ್ ಸಾಕ್, ಜಾಸ್ತಿ ತೊಳುಕಾಗ," ಅಂದರು. ಸೀಗಡಿಯ ಮಾಂಸದಲ್ಲಿರುವ ಸಿಹಿಗೆ ಕಾರಣ ಗ್ಲೈಸಿನ್ ಎಂಬ ಅಮೈನೋ ಆಮ್ಲ. ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ವಾಸನೆ ಹೋಗಲಿ ಎಂದು ಐದಾರು ನೀರಿನಲ್ಲಿ ಹಿಂಡುವವರು ಸಿಹಿಯನ್ನೇ ಹಿಂಡಿ ಚರಂಡಿಗೆ ಬಿಡುತ್ತಾರೆ. ತಾಜಾ ಸೀಗಡಿಗೆ ಹೋಗಬೇಕಾದ ವಾಸನೆ ಇರುವುದಿಲ್ಲ. ಕೆಟ್ಟ ಸೀಗಡಿಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ತೂಕದ ಯಂತ್ರದ ಮೇಲೆ ಮಾಂಸ ಇಟ್ಟು ನೋಡಿದೆ. ಒಂದು ಕಿಲೋ ತಂದದ್ದು ಅರ್ಧ ಕಿಲೋಗೆ ಚೂರು ಮೇಲೆ ಉಳಿದಿತ್ತು. ನಾಲ್ಕು ಜನರಿಗೆ ಇಷ್ಟು ಬೇಕೇ ಬೇಕು. ಕೊಳ್ಳುವಾಗಲೇ ಈ ಲೆಕ್ಕ ತಲೆಯಲ್ಲಿರಲಿ. ಇಬ್ಬರೂ ಸೇರಿ ಮಾಡಿದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಮಾಂಸವನ್ನು ಮುಚ್ಚಿ ಫ್ರಿಜ್ಜಿನೊಳಗಿಟ್ಟು ಅಕ್ಕ ಒಲೆ ಹಚ್ಚಿದರು. ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ, ಅದಕ್ಕೆ ತಲೆ-ಚಿಪ್ಪು. ಒಂದೆರಡು ನಿಮಿಷಕ್ಕೆ ಬೂದುಬಣ್ಣದ ರಾಶಿ ಕೆಂಡದ ಬಣ್ಣಕ್ಕೆ ತಿರುಗಿತು. ಈ ಕೆಂಪು ಎಲ್ಲಿಂದಲೋ ಬಂದದ್ದಲ್ಲ, ಮೊದಲಿಂದಲೂ ಒಳಗೇ ಇತ್ತು. ಆಸ್ಟಾಕ್ಸಾಂಥಿನ್ ಎಂಬ ಬಣ್ಣ ಒಂದು ಪ್ರೋಟೀನಿನ ಬಿಗಿಮುಷ್ಟಿಯಲ್ಲಿ ನೀಲಿ-ಬೂದಾಗಿ ಅಡಗಿರುತ್ತದೆ, ಬಿಸಿ ತಾಗಿದಾಗ ಮುಷ್ಟಿ ಸಡಿಲಿ ಹೊರಬರುತ್ತದೆ. ಅದು ಕರಗುವುದು ಎಣ್ಣೆಯಲ್ಲಿ. ಆದ್ದರಿಂದ ಮೊದಲು ಎಣ್ಣೆಯಲ್ಲೇ ಹುರಿಯಬೇಕು, ನೇರವಾಗಿ ನೀರಿಗೆ ಹಾಕಿದರೆ ಬಣ್ಣವೂ ಪರಿಮಳವೂ ಅರ್ಧಕ್ಕೇ ನಿಲ್ಲುತ್ತದೆ. ತಲೆಗಳನ್ನು ಸೌಟಿನ ಬೆನ್ನಿನಿಂದ ಒತ್ತಿ, ಮೂರು ಲೋಟ ನೀರು ಹೊಯ್ದು, ಕಾಲು ಗಂಟೆ ಸಣ್ಣಗೆ ಕುದಿಸಿ ಸೋಸಿದರು. ಎರಡು ಲೋಟ ಕೆಂಪು ರಸ ಸಿಕ್ಕಿತು. ಕಿಟಕಿಯಾಚೆ ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹುಡುಗಿ ಮೂಗೆತ್ತಿ ನಮ್ಮ ಕಡೆ ನೋಡಿದಳು.

ಅಕ್ಕನ ಚಟ್ಲಿ ಸುಕ್ಕದ ಮಸಾಲೆ ದೊಡ್ಡ ಗುಟ್ಟೇನಲ್ಲ. ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಎಣಿಸಿ ಹತ್ತು ಕಾಳು ಮೆಂತ್ಯ. ಒಂದೊಂದನ್ನೂ ಬೇರೆಬೇರೆಯಾಗಿ ತೆಂಗಿನೆಣ್ಣೆಯಲ್ಲಿ ಹುರಿದು, ಆರು ಎಸಳು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆ, ಅರಿಸಿನ ಸೇರಿಸಿ ನುಣ್ಣಗೆ ರುಬ್ಬುವುದು. ಅರ್ಧ ಹೋಳು ಕಾಯಿತುರಿಯನ್ನು ಬೇರೆಯಾಗಿ ಒಂದು ಸುತ್ತು ಮಾತ್ರ ತಿರುಗಿಸಿ ಎತ್ತಿಡುವುದು, ತರಿತರಿ ಇರಬೇಕು. ಊರಲ್ಲಾದರೆ ಹುಣಸೆಯ ಜಾಗಕ್ಕೆ ಹಿತ್ತಲಿನ ಬಿಂಬಳೆಯೋ ಮಾವಿನಕಾಯಿಯೋ ಬರುತ್ತಿತ್ತಂತೆ. ಈರುಳ್ಳಿ ಕೆಂಪಗೆ ಬಾಡಿದ ಮೇಲೆ ಮಸಾಲೆ, ಅದರ ಮೇಲೆ ಒಂದು ಲೋಟ ತಲೆರಸ. ಮಸಾಲೆ ಪೂರ್ತಿ ಬೆಂದು, ಎಣ್ಣೆ ಬಿಟ್ಟು, ಬಹುತೇಕ ಬತ್ತುವವರೆಗೂ ಸೀಗಡಿ ಫ್ರಿಜ್ಜಿನಲ್ಲೇ ಇತ್ತು.

ಅದೇ ನಾನು ಕಲಿತ ದೊಡ್ಡ ಪಾಠ. ಮಸಾಲೆ ಬೇಯುವುದು ಬೇರೆ, ಸೀಗಡಿ ಬೇಯುವುದು ಬೇರೆ. ಕೋಳಿ, ಕುರಿಗೆ ಮಸಾಲೆಯ ಜೊತೆಗೇ ಬೇಯುವ ತಾಳ್ಮೆ ಇದೆ. ಸೀಗಡಿಗೆ ಇಲ್ಲ. ಅದರ ಮಾಂಸ ಬೇಯಲು ಕುದಿಯುವ ಶಾಖವೂ ಬೇಕಿಲ್ಲ, ಅರವತ್ತು ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಅಕ್ಕ ಸೀಗಡಿ ಹಾಕಿ ಒಮ್ಮೆ ಮಗುಚಿದರು. ಗಾಜಿನಂತಿದ್ದ ಮೈ ಅಂಚಿನಿಂದ ಬೆಳ್ಳಗಾಗುತ್ತ ಬಂತು, ತುದಿ ಮಡಿಚಿತು, ಮಸಾಲೆಯೊಳಕ್ಕೆ ತಾನಾಗಿಯೇ ನೀರು ಬಿಟ್ಟಿತು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದರೆ ಬೆಂದಿದೆ. ಎರಡೂ ತುದಿ ಕೂಡಿ ಸೊನ್ನೆಯಾದರೆ ಮೀರಿದೆ. ನಾಲ್ಕನೇ ನಿಮಿಷಕ್ಕೆ ತರಿಕಾಯಿ ಹಾಕಿ ಕೆದಕಿ, ಕರಿಬೇವು ಉದುರಿಸಿ, ಒಲೆ ಆರಿಸಿಬಿಟ್ಟರು. ಇನ್ನೂ ಹಸಿಯಿರಬಹುದೇ ಎಂಬ ಅಳುಕು ನನಗೆ. ಒಂದನ್ನು ಎತ್ತಿ ಅಂಗೈಗೆ ಹಾಕಿದರು. ಹಲ್ಲಿಗೆ ಸಿಕ್ಕಿ ಪಟ್ಟೆಂದು ಒಡೆಯಿತು, ಒಳಗೆ ರಸವಿತ್ತು, ಖಾರ ಹಿಂದೆ ಸರಿದ ಮೇಲೆ ನಾಲಿಗೆಯ ಮೇಲೆ ಸಿಹಿ ಉಳಿಯಿತು. ಇಷ್ಟು ವರ್ಷ ಸೀಗಡಿಗೆ ತನ್ನದೇ ಸಿಹಿ ಇದೆ ಎಂದೇ ನನಗೆ ತಿಳಿದಿರಲಿಲ್ಲ.

ಉಳಿದ ಒಂದು ಲೋಟ ತಲೆರಸವನ್ನು ಸ್ಟೀಲ್ ಡಬ್ಬಿಗೆ ಹಾಕಿಸಿಕೊಂಡು ಮನೆಗೆ ತಂದೆ. ನಮ್ಮ ಮನೆಯಲ್ಲಿ ಅಷ್ಟೊತ್ತಿಗೆ ಬೆಳಗ್ಗೆ ಕೊಂಡ ಅವರೆಕಾಯಿ ಬಿಡಿಸಿ ಕಾಳು ಬೇಯಲು ಇಟ್ಟಿದ್ದರು. ಅಮ್ಮನ ಕಾಲದ ಒಣಸೀಗಡಿ ಸಾರಿನ ಮಸಾಲೆಯನ್ನೇ ರುಬ್ಬಿ, ಒಣಸೀಗಡಿಯ ಬದಲು ಈ ರಸ ಹೊಯ್ದೆವು. ಉಪ್ಪು, ಹುಳಿ ನೋಡಿ ಕೊನೆಗೆ ಸುಕ್ಕಕ್ಕೆ ಹಾಕದೆ ಎತ್ತಿಟ್ಟು ತಂದಿದ್ದ ಎಂಟು-ಹತ್ತು ಹಸಿಸೀಗಡಿ. ಸೊಗಡಿನ ಅವರೆಯೂ ಕಡಲ ಸೀಗಡಿಯೂ ಒಂದೇ ಪಾತ್ರೆಯಲ್ಲಿ ಹೊಂದಿಕೊಂಡ ಪರಿಮಳಕ್ಕೆ ಮಗ ಓದುವ ಕೋಣೆಯಿಂದ ಎದ್ದು ಬಂದ. ರಾಗಿಮುದ್ದೆ ತಟ್ಟೆಗೆ ಬಿದ್ದ ಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ. ಡಬ್ಬಿಯಲ್ಲಿ ಒಂದು ಪಾಲು ಅಕ್ಕನ ಮನೆಗೂ ಹೋಯಿತು. ಅಲ್ಲಿಂದ ಸಂಜೆ ಡಬ್ಬಿ ಮರಳಿ ಬಂದಾಗ ಅದರಲ್ಲಿ ಸುಕ್ಕ ಇತ್ತು.

ಒಂದೆರಡು ಎಚ್ಚರಿಕೆ ಹೇಳಲೇಬೇಕು. ಸೀಗಡಿ ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ತುಟಿ ಊತದಿಂದ ಹಿಡಿದು ಉಸಿರು ಕಟ್ಟುವವರೆಗೂ ಹೋಗಬಹುದು. ಇದಕ್ಕೆ ಮುಖ್ಯ ಕಾರಣವಾದ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಎಷ್ಟು ಬೇಯಿಸಿದರೂ ಹಾಳಾಗುವುದಿಲ್ಲ, ತಲೆರಸದಲ್ಲೂ ಇರುತ್ತದೆ. ನೆಂಟರಿಗೆ ಬಡಿಸುವ ಮೊದಲು ಕೇಳಿ. ಅವರೆಸಾರು ಎಂದು ತಿಳಿದು ಉಣ್ಣುವವರಿಗೆ ಸೀಗಡಿ ರಸವಿದೆ ಎಂದು ಹೇಳದೆ ಇರುವುದು ಅಪಾಯ. ಇನ್ನು, ಸುಲಿದದ್ದನ್ನು ಅಂದೇ ಅಡುಗೆ ಮಾಡುವುದು ಉತ್ತಮ. ಆಗದಿದ್ದರೆ ತಲೆ ತೆಗೆದು ಚಿಪ್ಪು ಉಳಿಸಿ ಫ್ರೀಜರಿನಲ್ಲಿಡಿ, ಚಿಪ್ಪು ಮಾಂಸವನ್ನು ಕಾಯುತ್ತದೆ. ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮವರನ್ನು ಹೆದರಿಸಿರುವುದು ಚಿಪ್ಪಿನ ನಾತ. ಬಾಡಿಗೆ ಮನೆ, ಒಂದೇ ಕಿಟಕಿಯ ಅಡುಗೆಮನೆ, ಮಾಲೀಕರು ಏನೆನ್ನುತ್ತಾರೋ ಎಂಬ ದಿಗಿಲು ನಿಜವಾದದ್ದೇ. ಅದಕ್ಕೂ ಅಕ್ಕ ದಾರಿ ಕಂಡುಕೊಂಡಿದ್ದಾರೆ. ರಸ ತೆಗೆದು ಉಳಿದ ಚಿಪ್ಪು, ಮೀಸೆ, ಕರುಳು ಎಲ್ಲವನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಒಂದು ಹಳೇ ಡಬ್ಬಿಗೆ ಹಾಕಿ ಮುಚ್ಚಿ ಫ್ರೀಜರಿನಲ್ಲಿ ಇಡುತ್ತಾರೆ. ಮಂಜುಗಟ್ಟಿದ ಚಿಪ್ಪಿಗೆ ವಾಸನೆಯಿಲ್ಲ. ಮಾರನೆಯ ಬೆಳಗ್ಗೆ ಕಸದ ಆಟೊದ ಹಾಡು ಕ್ರಾಸಿನ ತುದಿಯಲ್ಲಿ ಕೇಳಿದಾಗ ಡಬ್ಬಿ ತೆಗೆದು ಹಸಿಕಸಕ್ಕೆ ಸುರಿದು ಬರುತ್ತಾರೆ. ಸಿಂಕಿಗೆ ಒಂದು ಹಿಡಿ ಉಪ್ಪು, ಅರ್ಧ ನಿಂಬೆಹೋಳು. ಅಕ್ಕನ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸೀಗಡಿ ಸುಲಿದ ಕುರುಹೇ ಇರಲಿಲ್ಲ.

ಮುಂದಿನ ಭಾನುವಾರ ಅಂಗಡಿಯ ಹುಡುಗ ಕತ್ತರಿ ಎತ್ತಿಕೊಂಡು "ಕ್ಲೀನ್ ಮಾಡ್ಕೊಡ್ಲಾ?" ಎಂದು ಕೇಳಿದಾಗ ಬೇಡ ಎನ್ನಿ. ತಲೆಸಮೇತ ಕೊಡಿ, ಮೇಲೆ ಎರಡು ಹಿಡಿ ಐಸ್ ಹಾಕಿ ಎಂದು ಕೇಳಿ ತನ್ನಿ. ಮೊದಲ ಸಲಕ್ಕೆ ಅರ್ಧ ಕಿಲೋ ಸಾಕು.